ಬೀದರಿನ ಹಳೇ ಪೇಟೆಯನ್ನು ಇರಾನಿ ಗೈಡ್ ಜೊತೆ ನೋಡುವ ಬಗೆ

ಬೀದರ ಹೊರನಾಡಿನವರ ಕೈಯಿಂದ ಬೆಳೆದ ಊರು. ಬಹಮನಿ ಅರಸ ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಇರಾನಿನ ಸೂಫಿಗಳು, ವ್ಯಾಪಾರಿಗಳು, ಲಿಪಿಕಾರರು, ಆಫ್ರಿಕಾದ ಹಬ್ಷಿ ಸರದಾರರು ಇಲ್ಲೇ ಬಂದು ನೆಲೆ ನಿಂತರು. ಇರಾನಿನ ಕಡೆಯಿಂದ ಬಂದವರನ್ನು ಅಫಾಕಿಗಳು, ಅಂದರೆ ಪರದೇಶದವರು ಎಂದು ಕರೆಯುತ್ತಿದ್ದರು. ಮೊದಲಿನಿಂದ ಇದ್ದವರು ದಖ್ಖನಿಗಳು. ಪೇಟೆಯ ಗೋಡೆಗಳ ಮೇಲಿರುವ ಬರಹ ಅರಬ್ಬಿ ಮತ್ತು ಫಾರಸಿ. ನಮ್ಮಲ್ಲಿ ಬಹುತೇಕರು ಅದನ್ನು ಬಳ್ಳಿಯ ಚಿತ್ತಾರವೆಂದು ನೋಡಿ ಮುಂದೆ ಹೋಗುತ್ತೇವೆ. ಫಾರಸಿ ಮನೆಮಾತಿನ ಗೈಡ್ ಸಿಕ್ಕರೆ ಗೋಡೆ ಮಾತಾಡತೊಡಗುತ್ತದೆ. ಆದರೆ ಅವರೊಬ್ಬರೇ ಸಾಲದು, ಅದೇ ಗಲ್ಲಿಯಲ್ಲಿ ಹುಟ್ಟಿ ಬೆಳೆದ ಇನ್ನೊಬ್ಬರೂ ಜೊತೆಗೆ ಬೇಕೇ ಬೇಕು. ಇರಾನಿನಿಂದ ಬಂದವರಿಗೆ ಬೀದರಿನ ದಖ್ಖನಿ ಉರ್ದು ಪೂರ್ತಿ ಅರ್ಥವಾಗುವುದು ಕಷ್ಟ. ದರ್ಗಾದ ಹಿರಿಯರು ಹೇಳುವುದನ್ನು ಅವರಿಗೆ ಮುಟ್ಟಿಸಲು, ಅವರು ಓದಿದ್ದನ್ನು ಹಿರಿಯರಿಗೆ ಹೇಳಲು ನಡುವೆ ಒಬ್ಬರಿರಬೇಕು.

ಮೊದಲು ಕಾಗದಪತ್ರ. ಪ್ರವಾಸಿ ವೀಸಾದಲ್ಲಾಗಲಿ ವಿದ್ಯಾರ್ಥಿ ವೀಸಾದಲ್ಲಾಗಲಿ ಬಂದವರು ಇಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಆದ್ದರಿಂದ ಹಣ ಕೊಟ್ಟು ಗೈಡ್ ಮಾಡಿಕೊಳ್ಳುವುದಾದರೆ, ಇಲ್ಲೇ ನೆಲೆಸಿ ಪೌರತ್ವವನ್ನೋ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡನ್ನೋ ಪಡೆದವರನ್ನು ಹುಡುಕಿ. ವಿದೇಶಿ ಪಾಸ್‌ಪೋರ್ಟಿನ ಅತಿಥಿಯನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು. ಹೋಟೆಲಾದರೆ ಅದನ್ನು ಹೋಟೆಲಿನವರೇ ತುಂಬುತ್ತಾರೆ, ಆದರೂ ಕೆಲವು ಚಿಕ್ಕ ಲಾಡ್ಜುಗಳು ಈ ತಾಪತ್ರಯವೇ ಬೇಡವೆಂದು ರಾತ್ರಿ ಹೊತ್ತಿನಲ್ಲಿ ವಾಪಸ್ ಕಳಿಸಿಬಿಡುತ್ತವೆ. ಮುಂಚೆಯೇ ಫೋನ್ ಮಾಡಿ ಕೇಳಿ. ಊರಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಡ್ರೋನ್ ತರಲೇಬೇಡಿ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಎರಡನೆಯ ತಯಾರಿ ಬರಹಗಳ ಫೋಟೊ. ಸುಲುಸ್ ಎಂಬ ಅಲಂಕಾರದ ಬರವಣಿಗೆಯಲ್ಲಿ ಅಕ್ಷರದ ಮೇಲೆ ಅಕ್ಷರ ಪೇರಿಸಿರುತ್ತಾರೆ. ಫಾರಸಿ ಮಾತೃಭಾಷೆಯವರೂ ಅದನ್ನು ನಿಂತ ಕಾಲಲ್ಲಿ ಓದಲಾರರು. ವಾರದ ಮುಂಚೆಯೇ ಊರಿನ ಗೆಳೆಯರಿಂದ ಹತ್ತಿರದ, ನೇರ ಕೋನದ ಫೋಟೊ ತೆಗೆಸಿ ಗೈಡಿಗೆ ಕಳಿಸಿ. ಇದನ್ನು ಬಿಟ್ಟರೆ ಬಿಸಿಲಲ್ಲಿ ಎಲ್ಲರೂ ಕತ್ತೆತ್ತಿ ಕಾಯುವುದು, ಗೈಡ್ ಮುಜುಗರದಿಂದ ಅಂದಾಜು ಹೇಳುವುದು ಆಗುತ್ತದೆ. ಅಂದಾಜು ಓದು ಒಮ್ಮೆ ಕಿವಿಗೆ ಬಿದ್ದರೆ ಅದನ್ನೇ ಹತ್ತು ಜನ ಹತ್ತು ಕಡೆ ಹೇಳುತ್ತಾರೆ. ಗುಂಪಿನಲ್ಲಿ ಎಂಟು ಜನಕ್ಕಿಂತ ಹೆಚ್ಚು ಬೇಡ, ಗಲ್ಲಿಗಳು ಇಕ್ಕಟ್ಟು.

ಬೆಳಿಗ್ಗೆ ಏಳಕ್ಕೆ ಚೌಬಾರದಲ್ಲಿ ಸೇರಿ. 71 ಅಡಿ ಎತ್ತರದ ಈ ದುಂಡು ಗೋಪುರ ಪೇಟೆಯ ಎರಡು ಮುಖ್ಯ ಬೀದಿಗಳು ಕೂಡುವಲ್ಲಿದೆ. ಅಂಗಡಿಗಳ ಬಾಗಿಲು ತೆಗೆಯುವ ಮುಂಚೆ ನಾಲ್ಕೂ ದಿಕ್ಕು ಚೆನ್ನಾಗಿ ಕಾಣುತ್ತದೆ. ಊರಿನ ನಾಲ್ಕು ಭಾಗಕ್ಕೆ ಒಂದೊಂದು ಗರಡಿ ಇತ್ತು: ಸಿದ್ದಿ ತಾಲೀಮ್, ನೂರ್ ಖಾನ್ ತಾಲೀಮ್, ಪನ್ಸಾಲಿ ತಾಲೀಮ್, ಮಣಿಯಾರ್ ತಾಲೀಮ್. ಇಲ್ಲಿ ಗೈಡ್ ಸುಮ್ಮನಿದ್ದು ಗಲ್ಲಿಯವರು ಮಾತಾಡಲಿ. ಯಾವ ಗರಡಿ ಯಾವ ಓಣಿಗೆ ಸೇರಿದ್ದೆಂದು ಅವರಿಗೇ ಗೊತ್ತು.

ಅಲ್ಲಿಂದ ಕೋಟೆಯ ಕಡೆಗೆ ನಡೆಯಿರಿ. ದಾರಿಯಲ್ಲಿ ತಖ್ತ್-ಎ-ಕಿರ್ಮಾನಿ ಬಾಗಿಲು ಸಿಗುತ್ತದೆ, ಅದರ ಗಾರೆ ಕೆಲಸ ನೋಡಿ. ಆದರೆ ಸಮಯವನ್ನೆಲ್ಲ ಅದೇ ದಾರಿಯ ಮದ್ರಸಾಕ್ಕೆ ಉಳಿಸಿಕೊಳ್ಳಿ. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ ಇದು. ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಬಿದ್ದಾಗ ಉಳಿದಿರುವ ಒಂದೇ ಮಿನಾರಿನ ನೀಲಿ, ಹಳದಿ, ಬಿಳಿ ಹೆಂಚುಗಳ ಬಣ್ಣ ಏಳುತ್ತದೆ. ಮಧ್ಯಾಹ್ನ ಬಂದರೆ ಮಂಕು. ಇನ್ನೊಂದು ಮಿನಾರು, ಮುಂಭಾಗದ ಅರ್ಧ 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಲ್ಲಿ ಹೋದವು. ಇರಾನಿನ ಖುರಾಸಾನದ ಖರ್ಗಿರ್ದ್‌ನಲ್ಲಿ 1440ರ ದಶಕದ ಮದ್ರಸಾ ಒಂದಿದೆ, ಅಂಗಳದ ಸುತ್ತಲಿನ ವಿನ್ಯಾಸ ಇದನ್ನು ಹೋಲುತ್ತದೆ. ಗೈಡಿಗೆ ಅದರ ಚಿತ್ರ ತರಲು ಹೇಳಿ, ಅಂಗಳದ ನಡುವೆ ನಿಂತು ಹೋಲಿಸಿ ನೋಡಿ.

ಇಲ್ಲೇ ಒಂದು ಲೆಕ್ಕ ಮಾಡಿಸಿ. ಅರಬ್ಬಿ ಅಕ್ಷರಗಳಿಗೆ ಬೆಲೆ ಉಂಟು, ವಾಕ್ಯದ ಅಕ್ಷರಗಳನ್ನು ಕೂಡಿದರೆ ವರ್ಷ ಬರುವಂತೆ ಕವಿಗಳು ಪದ ಜೋಡಿಸುತ್ತಿದ್ದರು. ಈ ಮದ್ರಸಾಕ್ಕೆ ಸಲ್ಲುವ ನುಡಿ ‘ರಬ್ಬನಾ ತಕಬ್ಬಲ್ ಮಿನ್ನಾ’, ‘ನಮ್ಮೊಡೆಯನೇ, ಇದನ್ನು ನಮ್ಮಿಂದ ಸ್ವೀಕರಿಸು’. ಮೊದಲ ಪದ: ರೇ 200, ಬೇ 2, ನೂನ್ 50, ಅಲಿಫ್ 1, ಒಟ್ಟು 253. ಎರಡನೆಯದು: ತೇ 400, ಕಾಫ್ 100, ಬೇ 2, ಲಾಮ್ 30, ಒಟ್ಟು 532. ಮೂರನೆಯದು: ಮೀಮ್ 40, ನೂನ್ 50, ಅಲಿಫ್ 1, ಒಟ್ಟು 91. ಮೂರನ್ನೂ ಕೂಡಿದರೆ ಹಿಜರಿ (ಇಸ್ಲಾಮಿ ಪಂಚಾಂಗದ ವರ್ಷ) 876. ಎಲ್ಲರೂ ಎಡವುವುದು ಒತ್ತಕ್ಷರದಲ್ಲಿ: ಬಾಯಲ್ಲಿ ‘ಬ್ಬ’, ‘ನ್ನ’ ಎಂದರೂ ಬರಹದಲ್ಲಿ ಒಂದೇ ಅಕ್ಷರ, ಎರಡು ಸಲ ಎಣಿಸಿದರೆ 930 ಆಗಿ ಲೆಕ್ಕ ಕೆಡುತ್ತದೆ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಸುಮಾರು 1471-72. ಇದಾಗಿ ಹತ್ತು ವರ್ಷಕ್ಕೆ, 1481ರಲ್ಲಿ, ದಖ್ಖನಿ ಬಣದವರು ಸೃಷ್ಟಿಸಿದ ಖೋಟಾ ಪತ್ರವನ್ನು ನಂಬಿ ಸುಲ್ತಾನ ಗವಾನನ ತಲೆ ತೆಗೆಸಿದ. ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ, ವರ್ಷ ಮರೆಯುವುದಿಲ್ಲ.

ಹತ್ತು ಗಂಟೆಗೆ ಬಿಸಿಲೇರುವಾಗ ಚೌಬಾರಕ್ಕೆ ಮರಳಿ ಸಿದ್ದಿ ತಾಲೀಮ್ ಕಡೆಯ ಬಿದರಿ ಅಂಗಡಿಗಳಿಗೆ ಹೋಗಿ. ಸತುವು 16 ಪಾಲು, ತಾಮ್ರ 1 ಪಾಲು ಸೇರಿಸಿ ಎರಕ ಹೊಯ್ದು, ಉಜ್ಜಿ, ಮೈಲುತುತ್ತದಿಂದ ಕಪ್ಪು ಮಾಡಿ, ಚಿತ್ತಾರ ಕೊರೆದು ಬೆಳ್ಳಿ ತಂತಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದಾಗ ಎರಕದ ಲೋಹವಷ್ಟೇ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊಂಡವರು ಹುಣಸೆಹಣ್ಣು ಹಾಕಿ ತಿಕ್ಕಬಾರದು, ಕಪ್ಪು ಎದ್ದುಹೋಗುತ್ತದೆ. ಎಣ್ಣೆ ಸವರಿದ ಬಟ್ಟೆ ಸಾಕು. ಶುಕ್ರವಾರವಾದರೆ ನಮಾಜಿನ ಹೊತ್ತಿಗೆ ಪೇಟೆಯಲ್ಲಿ ಗುಂಪು ಕಟ್ಟಿಕೊಂಡು ನಿಲ್ಲಬೇಡಿ, ಆಗಲೇ ಊಟ ಮುಗಿಸಿ.

ಮೂರು ಗಂಟೆಯ ಮೇಲೆ, ಬಹಮನಿ ಅರಸರ ಸಮಾಧಿಗಳಿರುವ ಅಷ್ಟೂರಿನ ದಾರಿ. ಮೊದಲು ಸಿಗುವುದು ಚೌಖಂಡಿ, ಕಿರ್ಮಾನಿನ ಸೂಫಿ ಶಾ ನಿಯಾಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಎಂಟು ಮೂಲೆಯ ಸಮಾಧಿ. ಬಾಗಿಲ ಮೇಲಿನ ಬರಹವನ್ನು ಬರೆದವರು ಶಿರಾಜಿನ ಮುಗೀಸ್. ಬೀದರಿನಲ್ಲಿ ಇದಕ್ಕಿಂತ ಚೆಂದದ ಅಕ್ಷರ ಇಲ್ಲವೆಂದೇ ನಮ್ಮ ಎಣಿಕೆ. ಆಮೇಲೆ ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗುಮ್ಮಟ. ಒಳಗೆ ಕತ್ತಲು, ಗೋಡೆಯ ತುಂಬ ಬಂಗಾರ, ಕೆಂಪು, ನೀಲಿ. ಕ್ಯಾಮೆರಾ ಫ್ಲಾಶ್ ಬೇಡ, ಬಣ್ಣಕ್ಕೆ ಕೆಡುಕು. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರೆ ಸಾಕಷ್ಟು ಕಾಣುತ್ತದೆ. ಗುಮ್ಮಟ ನೋಡಿಕೊಳ್ಳುವವರನ್ನು ಕೇಳಿ, ಅವರಿಗೆ ಕೋನ ಗೊತ್ತು. ಗೈಡ್ ಇಲ್ಲಿ ನಿಯಾಮತುಲ್ಲಾ ಪರಂಪರೆಯ ಗುರುವಂಶಾವಳಿ ಓದಿ ಹೇಳುತ್ತಾರೆ. ಆದರೆ ಇದೇ ಸಮಾಧಿಗೆ ಅಲ್ಲಮಪ್ರಭುವೆಂದು ಕೈಮುಗಿಯುವ ಲಿಂಗಾಯತ ಭಕ್ತರಿದ್ದಾರೆ, ಹೋಳಿಯ ನಂತರದ ಜಾತ್ರೆಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬಂದು ಮುಂದೆ ನಿಲ್ಲುತ್ತಾರೆ. ಈ ಮಾತು ಗೋಡೆಯಲ್ಲಿ ಬರೆದಿಲ್ಲ. ಇದನ್ನು ಜೊತೆಗಿರುವ ಊರಿನವರು ಹೇಳಬೇಕು, ಗೈಡಿಗೂ ಬಿಡಿಸಿ ತಿಳಿಸಬೇಕು. ಇಲ್ಲವಾದರೆ ಅವರು ಅಷ್ಟೂರನ್ನು ಇರಾನಿನ ಒಂದು ತುಂಡು ಎಂದಷ್ಟೇ ಅರ್ಥ ಮಾಡಿಕೊಂಡು ಹೋಗುತ್ತಾರೆ.

ಕೋಟೆಯನ್ನು ಇದೇ ದಿನಕ್ಕೆ ತುರುಕಬೇಡಿ, ಮರುದಿನ ಬೆಳಿಗ್ಗೆ ಇಟ್ಟುಕೊಳ್ಳಿ. ಕಲ್ಲಿನಲ್ಲಿ ಕಪ್ಪೆಚಿಪ್ಪು ಕೂರಿಸಿದ ಚಿತ್ತಾರವಿರುವ ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ಕೋಟೆಯೊಳಗಿನ ಮ್ಯೂಸಿಯಂ ಸಿಬ್ಬಂದಿಯನ್ನು ವಿನಂತಿಸಿದರೆ ತೆಗೆಯುತ್ತಾರೆ. ಅಲ್ಲೂ ಫಾರಸಿ ಪದ್ಯ ಇದೆ, ಹಾಗಾಗಿ ಗೈಡ್ ಊರು ಬಿಡುವ ಮುಂಚೆ ಆ ಕೋಣೆ ತೆರೆಸಿ.

ಸಮಯ ಮಿಕ್ಕರೆ ನೌಬಾದಿನ ಕರೇಜ್ ನೋಡಿ, ಇರಾನಿನ ಕನಾತ್ ತಂತ್ರದಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ನೆಲದಡಿಯ ಕಾಲುವೆ. ಮೇಲಿನಿಂದ ಸಾಲಾಗಿ ತೋಡಿದ ಗಾಳಿಬಾವಿಗಳ ಅಂಚಿಗೆ ಹೋಗಬೇಡಿ, ಮಳೆಗಾಲದಲ್ಲಿ ಕಾಲುವೆಯೊಳಗೆ ಇಳಿಯಲೇಬೇಡಿ.