ಸಿಪಾಯಿಯ ಬುತ್ತಿ ಮತ್ತೆ ಕಟ್ಟುವುದು ಹೇಗೆ?

ಬದಿಯಡ್ಕದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಮಿಲಿಟರಿ ಟ್ರಂಕು ಇದೆ. ಅದರಲ್ಲಿ ಸಿಕ್ಕಿದ್ದು ಎರಡು ಅಲ್ಯೂಮಿನಿಯಂ ಪಾತ್ರೆ. ಒಂದರೊಳಗೆ ಒಂದು ಕೂರುತ್ತದೆ, ಹಿಡಿ ಮಡಚಿಕೊಳ್ಳುತ್ತದೆ. ಸೈನ್ಯದಲ್ಲಿ ಇದಕ್ಕೆ ಮೆಸ್ ಟಿನ್ ಅನ್ನುತ್ತಾರೆ. ಪಾತ್ರೆ ಉಳಿಯಿತು, ಅದರಲ್ಲಿ ಅಜ್ಜ ಉಂಡ ಊಟ ಉಳಿಯಲಿಲ್ಲ. ಅದು ಹೇಗಿತ್ತು ಅಂತ ಗೊತ್ತಾಗಬೇಕಾದರೆ ನಾವೇ ಮಾಡಿ ತಿನ್ನಬೇಕು. ಹೀಗೆ ಶುರುವಾಯಿತು ನನ್ನ ಈ ಹವ್ಯಾಸ.

ಮೊದಲು ಒಂದು ಮಾತು. ದಂಡಿನ ಬುತ್ತಿಯ ಕೆಲಸವೆಲ್ಲ ನೀರಿನ ಜೊತೆಗಿನ ಹೋರಾಟ. ತೇವ ಇದ್ದರೆ ಬೂಷ್ಟು, ತೇವ ಇದ್ದರೆ ತುಕ್ಕು. ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಹಪ್ಪಳ ಕೂಡ ಡಬ್ಬಿಯೊಳಗೇ ಮೆತ್ತಗಾಗುತ್ತದೆ, ಅಲ್ವಾ? ಬೇಕಲ ಕೋಟೆಗೆ ಹೋದವರು ಅಲ್ಲಿನ ಸಿಡಿಮದ್ದಿನ ಮನೆ ನೋಡಿರಬಹುದು. ಸಮುದ್ರದ ಗಾಳಿ ಹೊಡೆಯುವ ಜಾಗದಲ್ಲಿ ಮದ್ದನ್ನು ಒಣಗಿದಂತೆ ಇಡುವುದು ಎಷ್ಟು ಕಷ್ಟವೋ, ಸಿಪಾಯಿಯ ತಿಂಡಿ ಇಡುವುದೂ ಅಷ್ಟೇ ಕಷ್ಟ.

ಸಂಗ್ರಹ ಮನೆಯಿಂದಲೇ ಶುರುವಾಗಲಿ

ಹಳೆ ಸಾಮಾನು ಹುಡುಕಿಕೊಂಡು ದೂರ ಹೋಗಬೇಡಿ. ಮಿಲಿಟರಿಯಲ್ಲಿದ್ದ ಹಿರಿಯರ ಟ್ರಂಕು, ಆಮೇಲೆ ಗುಜರಿ ಅಂಗಡಿ. ಪಾತ್ರೆ ಸಿಕ್ಕಿದರೆ ಅದರ ಅಂಚು, ಹಿಡಿ ನೋಡಿ. ತಯಾರಕರ ಗುರುತು, ಇಸವಿ ಅಲ್ಲೇ ಒತ್ತಿರುತ್ತದೆ. ಬಾಣದ ತುದಿಯಂಥ ಗುರುತು ಇದ್ದರೆ ಅದು ಬ್ರಿಟಿಷ್ ಸರಕಾರದ ಸೊತ್ತಾಗಿತ್ತು ಎಂದರ್ಥ. ಮೊದಲ ಮಹಾಯುದ್ಧದ ಬ್ರಿಟಿಷ್ ಮೆಸ್ ಟಿನ್ ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿತ್ತು. ನಮ್ಮ ಅಜ್ಜನದರಂಥ ಚೌಕ ಜೋಡಿ ಎರಡನೆಯ ಮಹಾಯುದ್ಧದ ಕಾಲದ್ದು.

ಸಿಕ್ಕಿದ್ದನ್ನು ಹುಳಿ, ಬೂದಿ ಹಾಕಿ ತಿಕ್ಕಬೇಡಿ. ಗುರುತೆಲ್ಲ ಸವೆದು ಹೋಗುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ. ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಿರಿಯರು ಏನು ತಿಂದರು, ಯಾವುದನ್ನು ಬಿಸಾಡಿದರು ಅಂತ ಕೇಳಿ ಬರೆದುಕೊಳ್ಳಿ. ಅಜ್ಜನನ್ನು ನಾನು ಸಾಕಷ್ಟು ಕೇಳಲಿಲ್ಲ. ಆ ನೋವು ಇವತ್ತಿಗೂ ಇದೆ.

ತುಂಬಿದ ಹಳೆ ಡಬ್ಬಿ ಸಿಕ್ಕಿದರೆ ತೆರೆಯಬೇಡಿ, ರುಚಿ ನೋಡಲೇಬೇಡಿ. ಹಳೆ ಡಬ್ಬಿಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಡಬ್ಬಿ ಉಬ್ಬಿದ್ದರೆ ಒಳಗೆ ಕೆಟ್ಟಿದೆ ಎಂದೇ ಲೆಕ್ಕ. ಅದನ್ನು ಸಂಗ್ರಹದಲ್ಲಿ ಇಟ್ಟುಕೊಳ್ಳಬಾರದು.

ಬಿಸ್ಕತ್ತು

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಇದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ರೆಡಿಂಗ್ ಊರಿನ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯಂಥವರು ಇಂಥ ಬಿಸ್ಕತ್ತು ಮಾಡಿಕೊಡುತ್ತಿದ್ದರು. ಅದು ಎಷ್ಟು ಗಟ್ಟಿ ಅಂದರೆ, ಸಿಪಾಯಿಗಳು ಅದರ ಮೇಲೆ ವಿಳಾಸ ಬರೆದು ಮನೆಗೆ ಅಂಚೆಯಲ್ಲಿ ಕಳಿಸಿದ್ದೂ ಉಂಟು. ಅಂಥ ಕೆಲವು ಈಗಲೂ ಇಂಗ್ಲೆಂಡಿನ ಮ್ಯೂಸಿಯಮ್ಮುಗಳಲ್ಲಿವೆ.

ಬೇಕಾದ್ದು ಮೂರೇ ಸಾಮಾನು: ಗೋಧಿಹಿಟ್ಟು 500 ಗ್ರಾಂ, ಉಪ್ಪು ಒಂದೂವರೆ ಚಮಚ, ನೀರು ಸುಮಾರು 200 ಮಿಲಿ. ತುಪ್ಪ, ಎಣ್ಣೆ, ಸಕ್ಕರೆ ಯಾವುದೂ ಬೇಡ. ಜಿಡ್ಡು ಇದ್ದರೆ ಕೆಲವೇ ವಾರದಲ್ಲಿ ಕಮಟು ವಾಸನೆ ಬರುತ್ತದೆ.

ಚಪಾತಿ ಹಿಟ್ಟಿಗಿಂತ ಜಾಸ್ತಿ ಗಟ್ಟಿಯಾಗಿ ಕಲಸಿ. ಕೈ ನೋಯುತ್ತದೆ, ಆದರೂ ನೀರು ಸೇರಿಸಬೇಡಿ. ಅರ್ಧ ಗಂಟೆ ಮುಚ್ಚಿಟ್ಟು ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎಂಟು ಸೆಂಟಿಮೀಟರಿನ ಚೌಕ ಕತ್ತರಿಸಿ, ಸಾಲಿಗೆ ನಾಲ್ಕರಂತೆ 16 ತೂತು ಆರಪಾರ ಚುಚ್ಚಿ. ಈ ತೂತು ಚಂದಕ್ಕೆ ಅಲ್ಲ, ಒಳಗಿನ ಹಬೆ ಹೊರಬರುವ ದಾರಿ. ತೂತಿಲ್ಲದಿದ್ದರೆ ಪೂರಿಯ ಹಾಗೆ ಉಬ್ಬಿ, ನಡುವೆ ತೇವ ಉಳಿಯುತ್ತದೆ.

ಓವನ್ 190 ಡಿಗ್ರಿಯಲ್ಲಿ ಒಂದು ಬದಿ 30 ನಿಮಿಷ, ಮಗುಚಿ ಇನ್ನೊಂದು ಬದಿ 30 ನಿಮಿಷ. ಆಮೇಲೆ ಶಾಖವನ್ನು 100 ಡಿಗ್ರಿಗೆ ಇಳಿಸಿ ಎರಡು ಗಂಟೆ ಸುಮ್ನೆ ಬಿಡಿ. ಮನೆಯಲ್ಲಿ ಓವನ್ ಇಲ್ಲದವರು ಊರಿನ ಬೇಕರಿಯಲ್ಲಿ ಕೇಳಿ ನೋಡಿ. ಬ್ರೆಡ್ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಶಾಖ ಒಣಗಿಸುವುದಕ್ಕೆ ತುಂಬ ಒಳ್ಳೆಯದು.

ಒಣಗಿತೋ ಇಲ್ಲವೋ ನೋಡುವುದು ತಕ್ಕಡಿಯಲ್ಲಿ. ಎಲ್ಲ ಬಿಸ್ಕತ್ತು ಸೇರಿ ತೂಕ 500 ಗ್ರಾಂಗಿಂತ ಕಮ್ಮಿ ಇರಬೇಕು. ಹಾಕಿದ ನೀರು ಮಾತ್ರ ಅಲ್ಲ, ಹಿಟ್ಟಿನೊಳಗೇ ಇದ್ದ ತೇವವೂ ಸ್ವಲ್ಪ ಹೋಗಿರಬೇಕು. ಜಾಸ್ತಿ ತೂಗಿದರೆ ಮತ್ತೆ ಓವನ್ನಿಗೆ.

ಮೊದಲ ಸಲ ನಾನು ತೂಗಲಿಲ್ಲ. ಜೂನ್ ತಿಂಗಳಲ್ಲಿ ಮಾಡಿ ಸಾದಾ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಹತ್ತೇ ದಿನದಲ್ಲಿ ಹಸಿರು ಬೂಷ್ಟು ಬಂತು. ಈಗ ಫೆಬ್ರವರಿ, ಮಾರ್ಚಿನ ಬಿಸಿಲಿನಲ್ಲೇ ಮಾಡುತ್ತೇನೆ. ಡಬ್ಬಿಯನ್ನು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹುಣಸೆಹಣ್ಣು, ಬೀಜದ ಸೌತೆ ಇಡುತ್ತಿದ್ದ ಜಾಗ ಅದು. ಅಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ.

ಹಾಗೇ ಕಚ್ಚಬೇಡಿ, ಹಲ್ಲು ಹೋದೀತು. ಬಟ್ಟೆಯಲ್ಲಿ ಸುತ್ತಿ ಕಲ್ಲಿನಿಂದ ಜಜ್ಜಿ, ಮೆಸ್ ಟಿನ್ನಿನಲ್ಲಿ ನೀರು, ಬೆಲ್ಲ ಹಾಕಿ ಕುದಿಸಿ. ಅಜ್ಜನ ಪಾತ್ರೆಗೆ ಬೆಂಕಿ ಕೊಡಲು ನನಗೆ ಮನಸ್ಸು ಬರುವುದಿಲ್ಲ, ಅದಕ್ಕೇ ಹೊಸದೊಂದು ಇಟ್ಟುಕೊಂಡಿದ್ದೇನೆ.

ಉಳಿದ ಬುತ್ತಿ

ನಮ್ಮ ಸೈನ್ಯದ ತಿಂಡಿಯ ಮಾತು ಬಂದರೆ ಶಕ್ಕರ್‌ಪಾರೆ ಬಂದೇ ಬರುತ್ತದೆ. ಮೈದಾ, ಸಕ್ಕರೆ, ತುಪ್ಪ ಸೇರಿಸಿ, ಹಾಲಿನ ಬದಲು ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕರಿಯಿರಿ. ತುಪ್ಪ ಇರುವುದರಿಂದ ಇದು ಬಿಸ್ಕತ್ತಿನಷ್ಟು ಬಾಳುವುದಿಲ್ಲ, ಎರಡು ಮೂರು ವಾರದೊಳಗೆ ತಿಂದು ಮುಗಿಸಿ. ಜೊತೆಗೆ ಬೆಲ್ಲ, ಹುರಿಗಡಲೆ, ಚಹಾಪುಡಿ, ಉಪ್ಪು.

ಹುಳಿಯನ್ನು ಮರೆಯಬೇಡಿ. 1942ರಿಂದ ಅಮೆರಿಕದ ಸಿಪಾಯಿಗಳಿಗೆ ಕೆ-ರೇಷನ್ ಎಂಬ ಪೊಟ್ಟಣ ಕೊಡುತ್ತಿದ್ದರು. ಅದರಲ್ಲಿದ್ದ ನಿಂಬೆಪುಡಿ ವಿಟಮಿನ್ ಸಿ ಸಿಗಲಿ ಎಂದೇ ಇಟ್ಟದ್ದು. ರುಚಿ ಸೇರದೆ ತುಂಬ ಜನ ಅದನ್ನೇ ಬಿಸಾಡಿದರು. ಸ್ವಲ್ಪ ದಿನಕ್ಕೆಂದು ಮಾಡಿದ ಆ ಪೊಟ್ಟಣವನ್ನೇ 1944ರಲ್ಲಿ ಬರ್ಮಾದ ಕಾಡಿನಲ್ಲಿ ಕೆಲವು ದಳಗಳು ತಿಂಗಳುಗಟ್ಟಲೆ ತಿಂದು ಸೊರಗಿದವು. ನಾನು ಒಣ ನೆಲ್ಲಿಕಾಯಿ ಇಡುತ್ತೇನೆ.

ಡಬ್ಬಿಯಲ್ಲಿ ತುಂಬಿದ ಮಾಂಸ, ಸಾರು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಬೊಟುಲಿಸಂ ಎಂಬ ಪ್ರಾಣ ತೆಗೆಯುವ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡ ಹಾಕಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಸೈನ್ಯದ ಆಹಾರಕ್ಕೆಂದೇ 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹೀಗೆ ಕಾಯಿಸಿ ಮುಚ್ಚಿದ ಪೊಟ್ಟಣದ ಊಟದ ಮೇಲೆ ಬಹಳ ಕೆಲಸ ಮಾಡಿದೆ. ಬುತ್ತಿಯಲ್ಲಿ ಪಲ್ಯ, ರಾಜ್ಮಾ ಬೇಕೆಂದರೆ ಅಂಗಡಿಯ ಅಂಥ ಪೊಟ್ಟಣವನ್ನೇ ತನ್ನಿ.

ಕೊನೆಗೆ ಡಬ್ಬಿಯ ಮೇಲೆ ಮಾಡಿದ ತಾರೀಕು, ತೂಕ ಬರೆದು ಅಂಟಿಸಿ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಒಂದು ಬಿಸ್ಕತ್ತು ತೆಗೆದು ಮತ್ತೆ ತೂಗಿ ನೋಡಿ. ಕಳೆದ ವರ್ಷ ಮಾರ್ಚಿನಲ್ಲಿ 52 ಗ್ರಾಂ ಇದ್ದ ನನ್ನ ಬಿಸ್ಕತ್ತು ಸೋಣದಲ್ಲಿ 53 ತೂಗಿತು. ಜಜ್ಜಲು ಕಲ್ಲೇ ಬೇಕಾಯಿತು.