ತಾಮ್ರದ ತಗಡಿನಿಂದ ಬಟ್ಟಲು: ಬಿರುಕು ಬಿಡದಂತೆ ಬಡಿಯುವುದು ಹೇಗೆ?

ಬಡಿದರೆ ಒಡೆಯದೆ ಹರಡಿಕೊಳ್ಳುವ ಗುಣವನ್ನು ಶಾಲೆಯ ಪುಸ್ತಕಗಳು ಕುಟ್ಯತೆ ಎನ್ನುತ್ತವೆ. ತಾಮ್ರಕ್ಕೆ ಅದು ಧಾರಾಳವಾಗಿದೆ. ಆದರೆ ಬಡಿದಷ್ಟೂ ಖರ್ಚಾಗುತ್ತದೆ, ಕಾಯಿಸಿದರೆ ಮರಳುತ್ತದೆ. ಬಟ್ಟಲು ಒಡೆಯುವುದು ಹೆಚ್ಚಾಗಿ ಈ ಲೆಕ್ಕ ತಪ್ಪಿದಾಗಲೇ.

22 ಗೇಜಿನ, ಅಂದರೆ ಸುಮಾರು 0.7 ಮಿ.ಮೀ. ದಪ್ಪದ ತಗಡು ಸಾಕು. ಹುಬ್ಬಳ್ಳಿಯವರು ದುರ್ಗದಬೈಲ್, ಕಂಚಗಾರ ಗಲ್ಲಿ ಕಡೆ ವಿಚಾರಿಸಬಹುದು. ಹಳೆಯ ತಾಮ್ರದ ಕೊಡ ಕತ್ತರಿಸಿದರೂ ನಡೆದೀತು, ಕಲಾಯಿ ಹಾಕಿದ್ದು ಮಾತ್ರ ಬೇಡ: ಕಲಾಯಿಯ ತವರ 232 ಡಿಗ್ರಿಗೇ ಕರಗಿ, ತಾಮ್ರದೊಂದಿಗೆ ಬೆರೆತು ಪೆಡಸು ಪದರವಾಗುತ್ತದೆ.

12 ಸೆಂ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ, ಅಂಚನ್ನು ಅರದಿಂದ ನಯಮಾಡಿ. ಅಂಚಿನ ಸಣ್ಣ ಕಚ್ಚೇ ಮುಂದೆ ಬಿರುಕಾಗುತ್ತದೆ. ಕೈವಾರದಿಂದ ಸೆಂಟಿಮೀಟರಿಗೊಂದು ವೃತ್ತ ಎಳೆಯಿರಿ. ಗೆರೆಯನ್ನು ಪೆನ್ಸಿಲಿನಲ್ಲೇ ಎಳೆಯಬೇಕು, ಮೊಳೆಯಿಂದ ಗೀರಬಾರದು.

ಇನ್ನು ಕಾಯಿಸುವುದು. ಗ್ಯಾಸ್ ಟಾರ್ಚ್ ಅಥವಾ ಇದ್ದಿಲ ಕುಲುಮೆಯಲ್ಲಿ ಇಡೀ ಬಿಲ್ಲೆ ಮಂದ ಕೆಂಪಾಗಬೇಕು, ಸುಮಾರು 600 ಡಿಗ್ರಿ. ಈ ಕೆಂಪು ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾಣುವುದೇ ಇಲ್ಲ, ನೆರಳಲ್ಲೇ ಕಾಯಿಸಿ. ಹೊಳೆಯುವ ಕಿತ್ತಳೆ ಬಣ್ಣಕ್ಕೆ ಹೋಯಿತೆಂದರೆ ಒಳಗಿನ ಹರಳುಗಳು ದೊಡ್ಡದಾಗಿ, ಮುಂದೆ ಬಡಿದಾಗ ಮೈ ಕಿತ್ತಳೆ ಸಿಪ್ಪೆಯಂತೆ ತರಕಲಾಗುತ್ತದೆ. ಕೆಂಪಾದ ತಾಮ್ರವನ್ನು ಇಕ್ಕಳದಿಂದ ಹಿಡಿದು ನೀರಿಗೆ ಹಾಕಬಹುದು. ಉಕ್ಕಿನಂತೆ ಇದು ಗಡುಸಾಗುವುದಿಲ್ಲ. ಕಪ್ಪು ಪದರವನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೆಗೆಯಿರಿ. ಬಿಟ್ಟರೆ ಅದು ಸುತ್ತಿಗೆಯ ಕೆಳಗೆ ಸಿಕ್ಕಿ ಮೈಗೆ ಒತ್ತಿಕೊಳ್ಳುತ್ತದೆ.

ಜಾಲಿಯ ಕೊರಡಿನಲ್ಲಿ 8 ಸೆಂ.ಮೀ. ಅಗಲ, ಒಂದೂವರೆ ಸೆಂ.ಮೀ. ಆಳದ ಗುಳಿ ಕೊರೆಯಿರಿ. ಉರುಟು ಮುಖದ ಮರದ ಕೊಡತಿಯಿಂದ ಹೊರ ವೃತ್ತದಲ್ಲಿ ಶುರುಮಾಡಿ, ಬಿಲ್ಲೆಯನ್ನು ತಿರುಗಿಸುತ್ತ ಒಳಕ್ಕೆ ಬನ್ನಿ. ಪೆಟ್ಟು ಹಗುರ, ಒಂದರ ಪಕ್ಕ ಒಂದು. ಅಂಚಿನಲ್ಲಿ ನೆರಿಗೆ ಎದ್ದರೆ ಆಗಲೇ ತಟ್ಟಿ ಕೂರಿಸಿ. ಮಡಿಕೆಯಾಗಿ ಕೂತ ಮೇಲೆ ಬಡಿದರೆ ಸೀಳುತ್ತದೆ.

ನಿಲ್ಲಿಸುವುದು ಯಾವಾಗ? ಮೆತ್ತಗಿನ ತಾಮ್ರ ‘ದಪ್’ ಎನ್ನುತ್ತದೆ. ಸದ್ದು ‘ಟಣ್’ ಎಂದು ಏರಿ, ಕೊಡತಿ ಪುಟಿಯತೊಡಗಿದರೆ ಒಳಗೆ ಪರಮಾಣುಗಳ ಪದರಗಳು ಜಾರಲಾರದೆ ಸಿಕ್ಕುಬಿದ್ದಿವೆ ಎಂದರ್ಥ. ಸಾಮಾನ್ಯವಾಗಿ ಒಂದೆರಡು ಸುತ್ತು ಬಡಿಯುವಷ್ಟರಲ್ಲೇ ಇದು ಬರುತ್ತದೆ. ಮತ್ತೆ ಕಾಯಿಸಿ: ಬಿಸಿಗೆ ಹೊಸ ಹರಳುಗಳು ಹುಟ್ಟಿ ಜಾರುವ ದಾರಿ ತೆರೆಯುತ್ತದೆ. ಕಾಯಿಸುವುದಕ್ಕೆ ಜಿಪುಣತನ ಮಾಡುವವರೇ ತಗಡು ಕೆಡಿಸುವುದು.

ಅಂಚು ಬಿರಿದೇಬಿಟ್ಟರೆ ಬಿರುಕಿನ ತುದಿ ಪೂರ್ತಿ ಹೋಗುವವರೆಗೆ ಅರದಿಂದ ಉಜ್ಜಿ, ಸುತ್ತಲೂ ಅಷ್ಟೇ ತೆಗೆಯಿರಿ.

ಹಿತ್ತಾಳೆಗೆ ಈ ಕ್ರಮ ಕಣ್ಣುಮುಚ್ಚಿ ಹಚ್ಚಬೇಡಿ. ಸತು 35 ಶೇಕಡದೊಳಗಿದ್ದರೆ ತಣ್ಣಗೆ ಬಡಿಯಬಹುದು. 40ರ ಹತ್ತಿರ ಬಂದರೆ ಬೇಗ ಬಿರಿಯುತ್ತದೆ. ಗಂಟೆಯ ಕಂಚನ್ನಂತೂ ಕೆಂಪಗೆ ಕಾದಿರುವಾಗ ಬಡಿಯಬೇಕು, ತಣ್ಣಗಿದ್ದರೆ ಚೂರಾಗುತ್ತದೆ.

ಆಕಾರ ಬಂದ ಮೇಲೆ ಉಬ್ಬು ತಲೆಯ ಕಬ್ಬಿಣದ ದಿಮ್ಮಿಯ ಮೇಲೆ ನಯ ಸುತ್ತಿಗೆಯಿಂದ ಕೊನೆಯ ಸುತ್ತು ಹಾಕಿ. ಇದಾದ ಮೇಲೆ ಕೆಂಪಗೆ ಕಾಯಿಸಬೇಡಿ. ಈಗ ಉಳಿದ ಗಡಸೇ ಬಟ್ಟಲು ನೆಗ್ಗದಂತೆ ಕಾಯುತ್ತದೆ. ಸಾರು, ಮಜ್ಜಿಗೆ ಹಾಕುವುದಾದರೆ ಒಳಗೆ ಕಲಾಯಿ ಹಾಕಿಸಿಯೇ ಬಳಸಿ.