ಎಫ್‌ಬಿ 80ರಲ್ಲಿ ಲೋಡ್ ಲೈಬ್ರರಿ ಮಾಡಿ ಕೂತಿದ್ದೆ

ಕಲಬುರಗಿಯ ಮನೆಯಿಂದಲೇ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ದೊಡ್ಡ ಕಂಪ್ಯೂಟರ್) ಕೆಲಸ ಶುರು ಮಾಡಿದ ಹೊಸತು. ಹೊಸ ಪ್ರಾಜೆಕ್ಟ್‌ಗೆ ಲೈಬ್ರರಿಗಳನ್ನು, ಅಂದರೆ ಪ್ರೋಗ್ರಾಂ ಇಡೋ ಫೈಲ್‌ಗಳನ್ನು, ಅಲಾಕೇಟ್ ಮಾಡು (ಡಿಸ್ಕಿನಲ್ಲಿ ಜಾಗ ಮಾಡಿಡು) ಅಂದರು. ಅದನ್ನು ಮಾಡೋ ಸ್ಕ್ರೀನ್ ಐಎಸ್‌ಪಿಎಫ್ 3.2ಕ್ಕೆ ಹೋಗಿ ಮೊದಲು ಕೋಬಾಲ್ ಸೋರ್ಸ್‌ಗೆ ಒಂದು ಮಾಡಿದೆ: ಎಫ್‌ಬಿ (ಎಲ್ಲ ರೆಕಾರ್ಡ್ ಒಂದೇ ಉದ್ದ), ರೆಕಾರ್ಡ್ ಉದ್ದ 80, ಬ್ಲಾಕ್‌ಸೈಜ್ (ಡಿಸ್ಕಿಗೆ ಒಮ್ಮೆಗೆ ಬರೆಯೋ ತುಂಡಿನ ಅಳತೆ) 27920. ಮುಂದಿನದಕ್ಕೆ ಹೆಸರು ಮಾತ್ರ ಬದಲಿಸಿದೆ. ಸ್ಕ್ರೀನ್ ಮೇಲೆ ಹಳೆಯ ಅಂಕಿಗಳೇ ಇದ್ದವು, ಸುಮ್ನೆ ಎಂಟರ್ ಒತ್ತಿದೆ. ಅದು ಲೋಡ್ ಲೈಬ್ರರಿ, ಓಡಿಸಲು ಸಿದ್ಧವಾದ ಪ್ರೋಗ್ರಾಂ ಇಡೋ ಜಾಗ.

ಕಂಪೈಲ್ ಸಲೀಸಾಗಿ ಆಯ್ತು. ಕಂಪೈಲ್ ಆದದ್ದನ್ನು ಜೋಡಿಸಿ ಲೋಡ್ ಲೈಬ್ರರಿಗೆ ಬರೆಯೋ ಲಿಂಕ್ ಸ್ಟೆಪ್ ಮಾತ್ರ ರಿಟರ್ನ್ ಕೋಡ್ 12, ಅಂದರೆ ಫೇಲ್. ರೆಕಾರ್ಡ್ ಫಾರ್ಮ್ಯಾಟ್ ಸರಿಯಿಲ್ಲ, ಯೂ (ಇಂತಿಷ್ಟೇ ಉದ್ದ ಅಂತಿಲ್ಲದ್ದು) ಬೇಕು ಅಂತ ಆ ಸ್ಟೆಪ್‌ನ ಪ್ರೋಗ್ರಾಂ ಬೈಂಡರ್ ಬಾಯಿಬಿಟ್ಟೇ ಹೇಳಿತ್ತು. ನಾನು ಅದನ್ನು ಓದದೆ ಒಂದು ತಾಸು ಜೆಸಿಎಲ್ (ಯಾವ ಸ್ಟೆಪ್ ಹೇಗೆ ಓಡಬೇಕು ಅಂತ ಬರೆದಿಡೋದು) ಜಾಲಾಡಿದೆ. ಕೊನೆಗೆ ಬೀದರ್‌ನಲ್ಲಿರುವ ಸೀನಿಯರ್‌ಗೆ ಫೋನ್ ಹಚ್ಚಿದೆ.

"ಸೋರ್ಸ್ ಲೈಬ್ರರಿದು ಹಂಗೇ ಕಾಪಿ ಹೊಡ್ದೀಯೇನ್ ತಮ್ಮಾ?" ಅಂದು ನಕ್ಕರು.

ಒಳಗೆ ಏನೂ ಇರಲಿಲ್ಲ, ಬದುಕಿದೆ. ಡಿಲೀಟ್ ಮಾಡಿ ಅವರು ಹೇಳಿದಂತೆ ಮತ್ತೆ ಮಾಡಿದೆ: ಯೂ, ರೆಕಾರ್ಡ್ ಉದ್ದ 0, ಬ್ಲಾಕ್‌ಸೈಜ್ 32760.

ಆದರೆ ಆ 32760 ನನ್ನ ತಲೆಗೆ ಹತ್ತಲಿಲ್ಲ. 3390 ಡಿಸ್ಕಿನ ಒಂದು ಟ್ರ್ಯಾಕ್‌ಗೆ (ಡಿಸ್ಕಿನ ಒಂದು ಸುತ್ತಿಗೆ) 56664 ಬೈಟ್. ಇಷ್ಟು ದೊಡ್ಡ ಬ್ಲಾಕ್ ಒಂದೇ ಕೂರುತ್ತೆ, ಉಳಿದ ಜಾಗ ಹಾಳಲ್ವಾ? ಸೋರ್ಸ್‌ಗೆ 27920 ಇಡೋದೇ ಟ್ರ್ಯಾಕ್‌ಗೆ ಎರಡು ಕೂರಲಿ ಅಂತ. ಅದಕ್ಕೆ ಅವರು ಗಂಜ್‌ನ ತೊಗರಿ ಲೆಕ್ಕ ಹೇಳಿದರು. ಎಫ್‌ಬಿ ಅಂದರೆ ಒಂದೇ ಅಳತೆಯ ಚೀಲ. ಟ್ರಾಲಿಯಲ್ಲಿ ಮುಕ್ಕಾಲು ಚೀಲದ ಜಾಗ ಉಳಿದರೆ ಅದು ಖಾಲಿಯೇ. ಯೂ ಆದರೆ ಬೈಂಡರ್ ಬಿಡಿ ಕಾಳು ಸುರಿದ ಹಾಗೆ ಬರೆಯುತ್ತೆ. ಟ್ರ್ಯಾಕ್‌ನಲ್ಲಿ ಎಷ್ಟು ಉಳಿದಿದೆ ನೋಡಿ, ಅದಕ್ಕೆ ತಕ್ಕ ಬ್ಲಾಕ್ ಮಾಡುತ್ತೆ. 32760 ಅನ್ನೋದು ಅದಕ್ಕೆ ಮಿತಿ ಅಷ್ಟೇ. ಕಡಿಮೆ ಕೊಟ್ಟರೇ ತುಂಡು ಜಾಸ್ತಿಯಾಗಿ ಜಾಗ ಹೋಗುತ್ತೆ.

ಈಗ ಸೋರ್ಸ್ ಲೈಬ್ರರಿಗೆ ಬ್ಲಾಕ್‌ಸೈಜ್ 0 ಕೊಟ್ಟು ಬಿಡುತ್ತೇನೆ, ಸಿಸ್ಟಮ್ಮೇ ಲೆಕ್ಕ ಹಾಕಿಕೊಳ್ಳುತ್ತೆ. ಯೂಗೆ ಅದು ಲೆಕ್ಕ ಹಾಕಿಕೊಡಲ್ಲ. ಹಾಗಾಗಿ 32760 ನಾನೇ ಬರೆಯುತ್ತೇನೆ. ಕೋಬಾಲ್ 5ಕ್ಕೆ ಬಂದ ಮೇಲೆ ಲೋಡ್ ಲೈಬ್ರರಿ ಪಿಡಿಎಸ್‌ಇ (ಹೊಸ ಬಗೆಯ ಲೈಬ್ರರಿ) ಆಗಿರಲೇಬೇಕು, ಅಲ್ಲೂ ಯೂನೇ. ಹಳೇ ಬಗೆಯ ಲೈಬ್ರರಿ ಪಿಡಿಎಸ್ ತುಂಬಿದಾಗಲೆಲ್ಲ ಕಂಪ್ರೆಸ್ ಮಾಡೋ (ಅಳಿಸಿದವುಗಳ ಜಾಗ ಮರಳಿ ಪಡೆಯೋ) ಕಾಟ ಮಾತ್ರ ತಪ್ಪಿತು.